ಆಮೆಯ ಹ್ಯಾಂಡೋವರ್

ಆ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ, ಹ್ಯಾಂಡೋವರ್ ಮಾಡುತ್ತಿದ್ದರು. ಬೀಗದ ಕೈ ಹ್ಯಾಂಡೋವರ್, ಫೈಲು ಹ್ಯಾಂಡೋವರ್, ಕುಡಿದ ಚಹಾ ಲೋಟವನ್ನು ತೊಳೆಯಲು ಕೊಟ್ಟರೂ ಹ್ಯಾಂಡೋವರ್. ಬರಿದೇ ಕೊಟ್ಟರೆ ಕೊಟ್ಟವನ ತಲೆಯ ಮೇಲೂ ಒಂದಿಷ್ಟು ಹೊಣೆ ಉಳಿಯುತ್ತದೆ. ಹ್ಯಾಂಡೋವರ್ ಮಾಡಿದವನು ಮೈಗೆ ಎಣ್ಣೆ ಹಚ್ಚಿಕೊಂಡ ಕಳ್ಳನಂತೆ. ಯಾರ ಕೈಗೂ ಸಿಗುವುದಿಲ್ಲ.

ಉಗ್ರಾಣದ ಗುಮಾಸ್ತನಿಗೆ ಆ ದಿನ ಬೇಕಾಗಿದ್ದುದೂ ಅಂಥದೇ ಒಂದು ಬಿಡುಗಡೆ. ಹೆಂಡತಿ, ಮಗಳು ಇರುವ ಊರಿಗೆ ಕೊನೆಗೂ ವರ್ಗವಾಗಿತ್ತು. ಸಂಜೆ ಐದರೊಳಗೆ ಉಗ್ರಾಣವನ್ನು ಹೊಸಬನಿಗೆ ಒಪ್ಪಿಸಿ ಸಹಿ ಪಡೆಯದಿದ್ದರೆ ವರ್ಗಾವಣೆ ರದ್ದು. ಬೆಳಿಗ್ಗೆ ಮಗಳು ಫೋನಿನಲ್ಲಿ, “ಅಪ್ಪಾ, ಈ ಸಲನಾದ್ರೂ ನಿಜವಾಗ್ಲೂ ಬರ್ತೀಯಾ?” ಎಂದು ಕೇಳಿದ್ದಳು. ಆ ‘ಈ ಸಲನಾದ್ರೂ’ ಅವನ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತ್ತು.

ಹೊಸಬ ಕನ್ನಡಕ ಒರೆಸಿಕೊಳ್ಳುತ್ತಲೇ ಬಂದ. ಆ ಒರೆಸುವ ರೀತಿ ನೋಡಿಯೇ ಗುಮಾಸ್ತನಿಗೆ ದಿಗಿಲಾಯಿತು. ಅಲ್ಲಿನ ನಿಯಮದಂತೆ ಪ್ರತಿಯೊಂದು ವಸ್ತುವನ್ನೂ ಕೆಲಸ ಮಾಡಿಸಿ ತೋರಿಸಬೇಕು. ಸಾಮಾನ್ಯವಾಗಿ ಎಲ್ಲರೂ ಕಪಾಟಿನ ಬಾಗಿಲು ತೆರೆದು ಮುಚ್ಚಿ ಸಹಿ ಹಾಕುತ್ತಿದ್ದರು. ಈತ ಪ್ರತಿ ಸೂಕ್ಷ್ಮದರ್ಶಕದಲ್ಲೂ ಈರುಳ್ಳಿಯ ಪೊರೆ ಇಟ್ಟು ನೋಡಿದ. ತಕ್ಕಡಿಯ ಮುಳ್ಳು ಸೊನ್ನೆಗೆ ಬಂದು ನಿಲ್ಲುವ ತನಕ ತಾನು ಉಸಿರು ಬಿಗಿಹಿಡಿದದ್ದಲ್ಲದೆ ಗುಮಾಸ್ತನಿಗೂ, “ಸ್ವಲ್ಪ ಉಸಿರು ನಿಲ್ಲಿಸಿ ಸಾರ್, ಗಾಳಿ ತಾಗುತ್ತೆ” ಎಂದ.

ಮಧ್ಯಾಹ್ನ ಜಾರಿತು. ಗಾಜಿನ ಸಾಮಾನೆಲ್ಲ ಮುಗಿದ ಮೇಲೆ ಗುಮಾಸ್ತ ನಿಟ್ಟುಸಿರಿಟ್ಟು, “ಕೊನೇದು ಸಾರ್. ಆಮೆ, ಜೀವಂತ, ಒಂದು” ಎಂದು ತೊಟ್ಟಿಯತ್ತ ಕೈ ತೋರಿಸಿದ.

ತೊಟ್ಟಿಯಲ್ಲಿ ಸೊಪ್ಪು ಮಾತ್ರ ಇತ್ತು.

“ಓಡಿಹೋಯ್ತಾ?” ಎಂದ ಹೊಸಬ.

“ಆಮೆ ಸಾರ್ ಅದು!”

“ಅದೇ ಹೇಳ್ತಿರೋದು. ಆಮೆ ಓಡಿಹೋಯ್ತು ಅಂತ ಬರೆದ್ರೆ ಮೇಲಿನೋರು ನಂಬ್ತಾರಾ? ಹುಡುಕಿ ತನ್ನಿ, ಸಹಿ ಹಾಕ್ತೀನಿ.”

ಗುಮಾಸ್ತ ಗಾಜು ತೊಳೆಯುವ ಅಕ್ಕನ ಬಳಿಗೆ ಓಡಿದ. “ತೊಟ್ಟಿ ತೊಳೀಬೇಕಿತ್ತಣ್ಣ. ಟೈಪಿಸ್ಟಮ್ಮಂಗೆ ಹ್ಯಾಂಡೋವರ್ ಮಾಡ್ದೆ” ಎಂದಳು ಅವಳು, ತಲೆ ಎತ್ತದೆ.

ಟೈಪಿಸ್ಟ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು. “ಅಯ್ಯೋ, ನನ್ನ ಹೆಬ್ಬೆರಳು ಕಚ್ಚೋಕೆ ಬಂತು ಮಾರಾಯ್ರೆ! ವಾಚ್‌ಮನ್‌ಗೆ ಹ್ಯಾಂಡೋವರ್ ಮಾಡಿಬಿಟ್ಟೆ. ಅಲ್ಲ, ಹೊರಡೋ ದಿನಾನೇ ಆಮೆ ಕಳ್ಕೊಂಡ್ರಾ? ಮೊಲ ಆಗಿದ್ರೆ ಒಂದು ಮಾತು!”

ವಾಚ್‌ಮನ್ ಗೇಟಿನ ಬಳಿ ಸೆಟೆದು ನಿಂತಿದ್ದ. “ನಾನು ಗೇಟು ನೋಡ್ಲಾ, ಆಮೆ ನೋಡ್ಲಾ ಸಾರ್? ಮೇಡಂಗೇ ಹ್ಯಾಂಡೋವರ್ ಮಾಡ್ದೆ.”

“ಮೇಡಂ ಏನಂದ್ರು?”

“ಫೋನಲ್ಲಿದ್ರು. ತಲೆ ಆಡಿಸಿದ್ರು. ಮೇಜಿನ ಕೆಳಗಿಟ್ಟು ಬಂದೆ.”

ಗಡಿಯಾರ ನಾಲ್ಕೂವರೆ ದಾಟಿತ್ತು. ಗುಮಾಸ್ತ, ಅವನ ಹಿಂದೆ ಹೊಸಬ, ಅವನ ಹಿಂದೆ ತಮಾಷೆ ನೋಡಲು ಟೈಪಿಸ್ಟ್, ಹೀಗೆ ಮೆರವಣಿಗೆ ಮುಖ್ಯಸ್ಥೆಯ ಕೋಣೆಗೆ ನುಗ್ಗಿತು.

“ಮೇಡಂ, ತಪ್ಪು ತಿಳೀಬೇಡಿ. ಕಾಲು ಸ್ವಲ್ಪ ಎತ್ತಿ.”

“ಏನ್ರೀ ಇದು?” ಎನ್ನುತ್ತಾ ಮುಖ್ಯಸ್ಥೆ ಬಗ್ಗಿ ನೋಡಿ, ಕೂತಲ್ಲೇ ಮೇಲಕ್ಕೆ ಹಾರಿದರು. “ನಾನು ಕೇಳಿದ್ದ ಕಾಲುಮಣೆ ಬಂತು ಅಂದ್ಕೊಂಡಿದ್ದೆ ಕಣ್ರೀ! ಬೆಳಿಗ್ಗೆಯಿಂದ ಎಷ್ಟು ಹಾಯಾಗಿತ್ತು!”

ಗುಮಾಸ್ತ ಆಮೆಯನ್ನು ಎತ್ತಿ ಮೇಜಿನ ಮೇಲಿಟ್ಟು ಪೆನ್ನು ಮುಂದೆ ಚಾಚಿದ. ಹೊಸಬ ತೆಗೆದುಕೊಳ್ಳಲಿಲ್ಲ.

“ಜೀವಂತ ಅಂತಿದೆಯಲ್ಲ ಸಾರ್. ತಲೆ ಕಾಣ್ತಿಲ್ಲ.”

ನಾಲ್ಕು ಜನ ಚಿಪ್ಪಿನ ಸುತ್ತ ಬಗ್ಗಿದರು. ಯಾರೂ ಕೆಮ್ಮಲಿಲ್ಲ. ಗೋಡೆ ಗಡಿಯಾರದ ಮುಳ್ಳು ಮಾತ್ರ ಟಿಕ್ ಟಿಕ್ ಎಂದು ಗುಮಾಸ್ತನ ನೆತ್ತಿಯ ಮೇಲೆ ಮೊಳೆ ಹೊಡೆಯುತ್ತಿತ್ತು. “ಬಾರೋ ನನ್ನಪ್ಪಾ” ಎಂದು ಅವನು ಅಂಗಲಾಚಿದ. ಟೈಪಿಸ್ಟ್ ಪಿಸುಗುಟ್ಟಿದಳು: “ನಮ್ಮತ್ತೆ ಥರ. ಕರೆದಷ್ಟೂ ಒಳಗೆ ಹೋಗುತ್ತೆ.”

ಐದಕ್ಕೆ ಇನ್ನೇನು ಎನ್ನುವಾಗ ಚಿಪ್ಪಿನಿಂದ ಸುಕ್ಕುಗಟ್ಟಿದ ಮೂತಿಯೊಂದು ಮೆಲ್ಲನೆ ಹೊರಬಂದು, ನಾಲ್ವರನ್ನೂ ತಿರಸ್ಕಾರದಿಂದ ನೋಡಿತು. ಹೊಸಬ ಸಹಿ ಹಾಕಿದ. ಗುಮಾಸ್ತನ ಕಣ್ಣು ತುಂಬಿ ಬಂತು.

ಮುಖ್ಯಸ್ಥೆ ತಮ್ಮ ಸಹಿಗೆಂದು ಪೆನ್ನು ಊರಿ, ಹೊಸಬನತ್ತ ತಿರುಗಿದರು. “ನಿಮ್ಮ ಹಳೇ ಆಫೀಸಿನ ಬಿಡುಗಡೆ ಪತ್ರ ಕೊಡಿ. ಅಲ್ಲಿ ಬಿಡದೆ ಇಲ್ಲಿ ಸೇರಿಸಿಕೊಳ್ಳೋ ಹಾಗಿಲ್ಲ.”

“ಅದು ಇನ್ನೂ ಕೊಟ್ಟಿಲ್ಲ ಮೇಡಂ. ಅಲ್ಲಿ ನನ್ನಿಂದ ಉಗ್ರಾಣ ವಹಿಸಿಕೊಳ್ಳೋನು ಬರಲೇ ಇಲ್ಲ. ಕಾದು ಕಾದು ಸಾಕಾಯ್ತು. ನನ್ನ ಸಂಸಾರ ಈ ಊರಲ್ಲಿದೆ, ಬಂದುಬಿಟ್ಟೆ.”

“ಎಂಥ ಬೇಜವಾಬ್ದಾರಿ ಮನುಷ್ಯ! ಯಾರವನು?” ಎಂದು ಸಿಡುಕಿದ ಗುಮಾಸ್ತ. ಅವನ ಮನಸ್ಸು ಆಗಲೇ ರೈಲು ಹತ್ತಿತ್ತು.

“ಹೆಸರು ಗೊತ್ತಿಲ್ಲ ಸಾರ್. ಇಲ್ಲಿಂದಲೇ ಯಾರೋ ಬರಬೇಕಂತೆ.”

ಟೈಪಿಸ್ಟ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಖ್ಯಸ್ಥೆ ಪೆನ್ನಿನ ಮುಚ್ಚಳ ಹಾಕಿದರು. ಗಡಿಯಾರ ಐದು ಹೊಡೆಯಿತು.

ಹೊಸಬ ಗುಮಾಸ್ತನ ಹತ್ತಿರ ಸರಿದು, ದನಿ ತಗ್ಗಿಸಿ ಹೇಳಿದ: “ಅದು ನೀವೇ ಅಂತ ಗೊತ್ತಿದ್ರೆ ಆಮೆ ವಿಷಯದಲ್ಲಿ ಇಷ್ಟು ಹಟ ಮಾಡ್ತಿರಲಿಲ್ಲ ಸಾರ್. ನಾನು ಅಲ್ಲಿ ನಿಮಗೆ ಒಪ್ಪಿಸಬೇಕಾಗಿರೋದ್ರಲ್ಲಿ ಒಂದು ನಾಗರಹಾವಿದೆ. ಹೋದ ವಾರದಿಂದ ಕಾಣ್ತಿಲ್ಲ.”