ಸೈತಾನಗ ಸವಾಲ ಹಾಕಿದ ವರ

ನಮ್ಮ ಕಡೆ ಗಂಡಸರ ಹುಂಬತನಕ್ಕ ಹಂಗಾಮ ಅಂತ ಇಲ್ರಿ, ವರ್ಷಪೂರ್ತಿ ಬೆಳಿ. ನಾ ರೋಣದ ಸಾಲ್ಯಾಗ ಇಂಗ್ಲಿಷ್ ಟೀಚರ್. ‘ಡೇರ್‌ಡೆವಿಲ್’ ಅನ್ನೂ ಶಬ್ದ ಬಂದಾಗೆಲ್ಲಾ ಬಿಡಿಸಿ ಹೇಳ್ತೀನಿ: ‘ಡೇರ್’ ಅಂದ್ರ ಸವಾಲ ಹಾಕೂದು, ‘ಡೆವಿಲ್’ ಅಂದ್ರ ಸೈತಾನ. ಕಿಸೆದಾಗ ಕೈ ಹಾಕಾಂವ ಪಿಕ್‌ಪಾಕೆಟ್ ಆದಂಗ, ಸೈತಾನಗ ಸವಾಲ ಹಾಕಾಂವ ಡೇರ್‌ಡೆವಿಲ್. ಇದನ್ನ ಹೊಗಳಾಕೂ ಬಳಸ್ತಾರ, ಬೈಯಾಕೂ ಬಳಸ್ತಾರ. ನಾ ಬೈಯಾಕಷ್ಟ ಇಟಗೊಂಡೀನಿ.

ಯಾಕಂದ್ರ ಆ ಶಬ್ದ ಬೈಕಿನ ಮ್ಯಾಲೆ ಬರಸ್ಕೊಂಡ ನರಗುಂದದ ವರ ಒಬ್ಬ ನನ್ನ ಮಗಳನ್ನ ನೋಡಾಕ ಬಂದಿದ್ದ. ಮಗಳು ಗಜೇಂದ್ರಗಡದ ದವಾಖಾನ್ಯಾಗ ನರ್ಸ್. ನೌಕರಿ ಅಂದ್ರ ಆಕಿಗೆ ಜೀವ. ಅದನ್ನ ಬಿಡಸದ ಗಂಡ ಬೇಕು, ಇಷ್ಟ ಆಕಿ ಹಟ.

೧. ಹಸಿ ಎರಿ

ಅವತ್ತ ನಸುಕಿನ್ಯಾಗ ಮಳಿ ಹೊಡದಿತ್ತು. ವರನ ಮನಿ ಮಂದಿ ಕಾರಿನ್ಯಾಗ ಡಾಂಬರ ರಸ್ತಾ ಹಿಡದ ಬಂದ್ರು. ಇಂವ ಒಬ್ಬನ ಬೈಕ್ ತಗೊಂಡ ಹೊಲದ ಅಡ್ಡದಾರಿಗೆ ಇಳದಿದ್ದ. ನಾ ಫೋನ್ ಮಾಡಿ, “ಹಸಿ ಎರಿ ಮಣ್ಣ ಐತಿ, ಗಾಲಿ ತಿರಗೂದಿಲ್ಲ, ಬ್ಯಾಡ್ರಿ” ಅಂದೆ.

“ನಾ ಡೇರ್‌ಡೆವಿಲ್ ಅದೀನ್ರಿ!”

ತಾಸಿನ ಮ್ಯಾಲೆ ನಡಕೊಂತ ಬಂದ, ತಲಿತನಕ ಕರಿ ಮಣ್ಣು. ಬೈಕ್ ಹೊಲದಾಗ ಸಿಕ್ಕೊಂಡಿತ್ತು. ಇಂವ ನಮ್ಮ ಹುಡುಗಿನ್ನ ನೋಡೂಕಿಂತ ಮೊದಲ, ಇವನ ಮಾರಿ ನಾವ ನೋಡಾಕ ಎರಡ ಕೊಡ ನೀರ ಸುರೀಬೇಕಾತು.

೨. ಹೆಜ್ಜೇನು

ಮುಂದ ಎಂಟ ದಿನಕ್ಕ ಗೆಳ್ಯಾರನ್ನ ಕಟಗೊಂಡ ಗಜೇಂದ್ರಗಡದ ಗುಡ್ಡದ ಮ್ಯಾಲಿನ ಕ್ವಾಟಿ ಹತ್ತ್ಯಾನ. ಅಲ್ಲೆ ಹೆಜ್ಜೇನ ಗೂಡ ಕಂಡೇತಿ. “ಬ್ಯಾಡೋ ಮಾರಾಯಾ” ಅಂದ್ರೂ ಕಲ್ಲ ಒಗದಾನ! ಮಾರಿ ಬಾತು, ಕಣ್ಣ ಮುಚ್ಚಿದಾಂವನ್ನ ತಂದದ್ದು ನನ್ನ ಮಗಳ ಡ್ಯೂಟಿ ಇದ್ದ ದವಾಖಾನಿಗೇ. ಆಕಿ ಸೂಜಿ ತಗದಳು.

“ಸಿಸ್ಟರ್, ನಿಮ್ಮ ಕಾಲ ಬೀಳ್ತೀನ್ರಿ, ಗುಳಿಗಿ ಕೊಡ್ರಿ!” ಅಂತ ಚೀರಿದ್ನಂತ. ಕಣ್ಣ ಮುಚ್ಚಿತ್ತಲ್ಲ, ಕಾಲ ಯಾರದು ಅನ್ನೂದು ಗೊತ್ತಾಗಿದ್ದಿಲ್ಲ.

೩. ಅವ್ವ

ಇಷ್ಟಾದ್ರೂ ನನ್ನ ಮಗಳು, “ಇರ್ಲಿ ಬಿಡವಾ, ನೌಕರಿ ಬಿಡಸೂದಿಲ್ಲಾ ಅಂತ ಫೋನಿನ್ಯಾಗ ಮಾತ ಕೊಟ್ಟಾನ” ಅಂದಳು. ಮಾತ ಪಕ್ಕಾ ಮಾಡಾಕ ಎಲ್ಲಾರೂ ನಮ್ಮ ಮನ್ಯಾಗ ಕೂಡಿದ್ರು. ಚಾ ಕುಡದ ಮ್ಯಾಲೆ ವರನ ತಾಯಿ ಅಂದಳು: “ನಮ್ಮ ಮನಿ ಸೊಸಿ ನೌಕರಿಗೆ ಹೋಗೂದಿಲ್ರಿ.”

ಮಗಳು ವರನ ಕಡೆ ತಿರಗಿ, “ಹೇಳ್ರಿ, ನನಗ ಏನ್ ಮಾತ ಕೊಟ್ಟೀರಿ?” ಅಂದಳು.

ಮಹಾಶೂರ ಫ್ಯಾನ್ ನೋಡಿದ. ಚೂಡಾದ ಪ್ಲೇಟ್ ನೋಡಿದ. ಕಡೀಕ ತಾಯಿ ಸೆರಗಿನ ಕಡೆ ಸರದ.

“ನೀ ಹ್ಯಾಂಗ ಅಂತೀ ಹಾಂಗ, ಅವ್ವಾ.”

ಥೂ! ನಾ ಬಾಯಿ ತಗಿಯೂದ್ರಾಗ ಮಗಳ ಎದ್ದ ಬ್ಯಾಗ್ ಹೆಗಲಿಗೆ ಹಾಕ್ಕೊಂಡಳು.

“ನನಗ ಡ್ಯೂಟಿಗೆ ಹೊತ್ತಾತ್ರಿ, ಬಸ್ ತಪ್ಪತೈತಿ. ನೀವ ಆರಾಮ ಹೋಗಿ ಬರ್ರಿ. ಹಾಂ, ಇನ್ನೊಮ್ಮಿ ಸೈತಾನಗ ಸವಾಲ ಹಾಕೂ ಮುಂದ ಅವ್ವನ್ನ ಒಂದ ಮಾತ ಕೇಳ್ರಿ.”