ಚಾರ್ಜರಿಗೆ ಹಾಕಿದ ಚೆಂಡುಹೂವಿನ ಹಾರ

ಕಡಕೊಳದ ನಮ್ಮ ಹೋಟೆಲಿನ ಮುಂದೆ ಕಾರುಗಳಿಗೆ ಬೇಗ ಚಾರ್ಜ್ ಮಾಡುವ ಮೆಷಿನ್ನು ಬಂದ ಮೇಲೆ ನನಗೆ ದಿನಕ್ಕೊಂದು ಪೇಚಾಟ. ಇಪ್ಪತ್ತು ವರ್ಷದಿಂದ ಗಲ್ಲಾದಲ್ಲಿ ಕೂತವನು ನಾನು. ಗಿರಾಕಿ ಏನೇ ಕೇಳಲಿ, 'ಗೊತ್ತಿಲ್ಲ' ಅಂದವನಲ್ಲ. ಮೆಷಿನ್ನಿನ ತಲೆಬುಡ ತಿಳಿಯದಿದ್ದರೂ ಆಯುಧಪೂಜೆಗೆ ಅದರ ಮೈತುಂಬ ಚೆಂಡುಹೂವಿನ ಹಾರ ಹಾಕಿದ್ದೆ. ಪೂಜೆಯ ಹಾರ ಕೀಳಬಾರದೆಂದು, ಒಣಗಿದರೂ ಹಾಗೇ ಬಿಟ್ಟಿದ್ದೆ.

ಚಟ್ನಿ

ರಾಜೀವನಗರದ ಮೇಷ್ಟ್ರೊಬ್ಬರು ರೇಟು ನೋಡಿ ಹೌಹಾರಿದರು. "ಏನ್ರೀ, ಮನೇಲಿ ಚಾರ್ಜ್ ಮಾಡಿದ್ರೆ ಇದರ ಅರ್ಧವೂ ಆಗಲ್ಲ!"

"ಮನೆ ದೋಸೆಗೂ ಹೋಟೆಲ್ ದೋಸೆಗೂ ಒಂದೇ ರೇಟಾ ಸಾರ್?" ಅಂದೆ.

"ದೋಸೆಗೆ ಚಟ್ನಿ ಕೊಡ್ತೀರಿ. ಇದಕ್ಕೇನು ಕೊಡ್ತೀರಿ?"

ಒಂದು ಪೊಟ್ಟಣ ಚಟ್ನಿ ಕಟ್ಟಿಸಿ ಕೊಟ್ಟೆ.

ಫುಲ್ಲು

ಹೂಟಗಳ್ಳಿಯ ದಂಪತಿ ನಂಜನಗೂಡಿಗೆ ದೇವರ ದರ್ಶನಕ್ಕೆ ಹೊರಟಿದ್ದರು. ಇಡ್ಲಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಎಂಬತ್ತು ಪರ್ಸೆಂಟ್ ಆಯಿತು. "ಇನ್ಮೇಲೆ ನಿಧಾನ ಸಾರ್, ಹೊರಡಿ" ಅಂದೆ.

"ಫುಲ್ ಆಗ್ದೆ ನಾನು ಏಳಲ್ಲ ಕಣ್ರೀ" ಅಂದರು ಯಜಮಾನರು.

ನೂರಾಗುವ ಹೊತ್ತಿಗೆ ಇಲ್ಲಿ ಊಟವೂ ಮುಗಿಯಿತು, ಅಲ್ಲಿ ದೇವಸ್ಥಾನದ ಬಾಗಿಲೂ ಹಾಕಿತ್ತು. ಹೆಂಡತಿ ಕಾರು ಹತ್ತುತ್ತ ಹೇಳಿದರು: "ಮನೆಗೇ ನಡೀರಿ. ಚಾರ್ಜಾದ್ರೂ ಫುಲ್ ಇದೆ."

ಎದುರುಗೊಳ್ಳುವುದು

ಇದು ಮಾತ್ರ ನನ್ನ ಮರ್ಯಾದೆಗೇ ಬಂದದ್ದು. ಹೂವಿನಲ್ಲಿ ಮುಳುಗಿದ್ದ ಕಾರು ಬಂತು, ಒಳಗೆ ಬಾಸಿಂಗ ಕಟ್ಟಿದ ಮದುಮಗ. ಛತ್ರ ಎರಡೇ ಮೈಲಿ ದೂರ. ಚಾರ್ಜು ಮೂರೇ ಪರ್ಸೆಂಟ್. ಹುಡುಗನ ಸೋದರಮಾವ ತಮ್ಮ ಫೋನಿನಿಂದ ಚಾರ್ಜ್ ಶುರುಮಾಡಿ, ಫೋನು ಜೇಬಿಗಿಟ್ಟುಕೊಂಡು, ಬೇರೆ ಕಾರಿನಲ್ಲಿ ಛತ್ರಕ್ಕೆ ಹೊರಟೇಹೋದರು.

ಸಾಕಾಯಿತೆಂದು ಡ್ರೈವರ್ ಕೇಬಲ್ ಎಳೆದ. ಬರಲಿಲ್ಲ. ನಾನೂ ಎಳೆದೆ. ಶುರುಮಾಡಿದ ಫೋನಿನಿಂದಲೇ ನಿಲ್ಲಿಸಿದರೆ ಬಿಡುತ್ತೆ ಅಂದ ಡ್ರೈವರ್. ಮಾವನಿಗೆ ಫೋನು ಮಾಡಿದರೆ, ವಾಲಗದ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಮುಹೂರ್ತಕ್ಕೆ ಅರ್ಧ ಗಂಟೆ. "ಬೇರೆ ಗಾಡೀಲಿ ಹೋಗಿ" ಅಂದರೆ ಹುಡುಗನ ತಾಯಿ, "ಶಾಸ್ತ್ರ ಮಾಡಿ ಕೂರ್ಸಿದೀವಿ, ಮಧ್ಯದಲ್ಲಿ ಇಳಿಸ್ಬಾರ್ದು ಕಣಪ್ಪ" ಅಂದರು.

ಕಾದು ಕಾದು ಹೆಣ್ಣಿನ ಕಡೆಯವರೇ ಆರತಿ ತಟ್ಟೆ ಸಮೇತ ಬಂದುಬಿಟ್ಟರು. ಹೆಣ್ಣಿನ ತಂದೆ ನನ್ನನ್ನೇ ಕೇಳಿದರು: "ಇದು ಎಂಗ್ರೀ ಬಿಡೋದು?"

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ 'ಗೊ...' ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆರತಿ ಹಿಡಿದಿದ್ದ ಹೆಣ್ಣಿನ ಸೋದರತ್ತೆ, "ಥೂ, ಒಣಗಿದ ಹಾರದ ಮುಂದೆ ಆರತಿ ಎತ್ತಬಾರ್ದು" ಎಂದು ಮೆಷಿನ್ನಿನ ಹಾರ ಕಿತ್ತೆಸೆದರು. ಅದರ ಹಿಂದೆ ಬೋಂಡಾ ಗಾತ್ರದ ಕೆಂಪು ಗುಂಡಿ! ಡ್ರೈವರ್ ಒತ್ತಿದ, ಚಾರ್ಜು ನಿಂತು ಕೇಬಲ್ ಕಳಚಿತು. ಎಲ್ಲರೂ ನನ್ನತ್ತ ತಿರುಗಿದರು.

"ಏನ್ರೀ, ಇದು ನಿಮಗೆ ಗೊತ್ತಿರ್ಲಿಲ್ವಾ?" ಎಂದು ಹೆಣ್ಣಿನ ತಂದೆ ಕಣ್ಣು ಕೆಂಪಗೆ ಮಾಡಿದರು.

"ಗೊತ್ತಿತ್ತು ಸ್ವಾಮಿ" ಅಂದೆ. "ನೀವು ಬಂದು ಎದುರುಗೊಳ್ಳದೆ ಗಂಡನ್ನ ಬಿಟ್ಟುಕೊಡೋದು ಹ್ಯಾಗೆ ಅಂತ ಸುಮ್ಮನಿದ್ದೆ."