ಖಾಲಿ ತಕ್ಕಡಿಯ ಪರೀಕ್ಷೆ

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ಒಂದು ತೊಂದರೆಯಿದೆ: ಅವನು ಯಾವುದಕ್ಕೂ 'ಗೊತ್ತಿಲ್ಲ' ಎನ್ನುವಂತಿಲ್ಲ. ಪಂಪು ಕೆಟ್ಟರೂ ಅವನೇ, ಮೊಬೈಲು ಕೆಟ್ಟರೂ ಅವನೇ. ರಜೆಯಲ್ಲಿ ಕುರಿ ಕಾಯ್ದು, ಸಾಲಿ ಬದಲಿದಾಗಲೆಲ್ಲ ಕನ್ನಡ, ಮರಾಠಿ ಎಂದು ಭಾಷೆ ಬದಲಿಸಿಕೊಂಡು ಓದಿದವನು ನಾನು. ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಮರಾಠಿ ಗಡಿಯ ಹಳ್ಳಿ ದರಿಬಡಚಿಯಲ್ಲಿ ಕುರಿಗಳಿಗೆ ಜಂತುಹುಳದ ಔಷಧ ಕುಡಿಸುವ ಶಿಬಿರವಿತ್ತು. ತೂಕದ ಯಂತ್ರ ಕಂಪ್ಯೂಟರಿಗೆ ತೂಕ ತಿಳಿಸಬೇಕು, ಅದು ಔಷಧ ಎಷ್ಟೆಂದು ಚೀಟಿ ಕೊಡಬೇಕು. ಈ ಇಬ್ಬರ ನಡುವೆ ಮಾತು ಮುಟ್ಟಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದವನು ನಾನು. ಯಂತ್ರದ ಜೊತೆ ಒಂದು ಪುಸ್ತಕ ಬಂದಿತ್ತು; ತೆರೆಯಲಿಲ್ಲ. ಪದವೀಧರ ಪುಸ್ತಕ ನೋಡಿ ಕೆಲಸ ಮಾಡಿದರೆ ನೋಡಿದವರು ಏನೆಂದಾರು? ಹಿಂದಿನ ದಿನ ಖಾಲಿ ತಕ್ಕಡಿ ಜೋಡಿಸಿ ಪರೀಕ್ಷಿಸಿದೆ. ಸೊನ್ನೆ ತೋರಿಸಿತು. ಅಷ್ಟಕ್ಕೇ ಎರಡು ಕಪ್ ಚಹಾ ಕುಡಿದು ಸಂಭ್ರಮಿಸಿದೆ.

ಮರುದಿನ ಮೊದಲ ಮರಿ ನಮ್ಮ ಮಾಯಪ್ಪ ಕಾಕಾನದು. ಚೀಟಿ ಬಂತು: ತೂಕ ಮೂರು ಸಾವಿರದ ಎಪ್ಪತ್ತೆರಡು ಕಿಲೋ, ಔಷಧ ಲೀಟರಿಗೂ ಮಿಕ್ಕಿ. ಡಾಕ್ಟರು ಕೈಯಲ್ಲಿದ್ದ ಸಿರಿಂಜನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕಾಕಾ ಮರಿಯನ್ನು ಎದೆಗವಚಿಕೊಂಡ.

"ಲೇ ಸಿದ್ದು, ಇದನ್ನ ಬಗಲಾಗ ಹಿಡಕೊಂಡ ಬಂದೀನಿ. ನಾ ಏನ್ ಕ್ರೇನ್ ಏನಲೇ? ಹನ್ನೆರಡ ಕಿಲೋ ಐತಿ. ಒಂದ ಹನಿ ಹೆಚ್ಚಿಗಿ ಬಿದ್ರ ಮರಿ ಸತ್ತಗಿತ್ತೀತು!"

ಎಲ್ಲರೆದುರು ಪುಸ್ತಕ ತೆರೆದೆ. ಎರಡನೇ ಪುಟದಲ್ಲೇ ಇತ್ತು: ಯಂತ್ರ ತೂಕವನ್ನು ಎರಡು ಬೈಟುಗಳಾಗಿ, ಅಂದರೆ ಎರಡು ತುಂಡುಗಳಾಗಿ ಕಳಿಸುತ್ತದೆ, ಚಿಕ್ಕ ಭಾಗ ಮೊದಲು. ನನ್ನ ಡ್ರೈವರ್ ಮೊದಲು ಬಂದದ್ದನ್ನೇ ದೊಡ್ಡ ಭಾಗವೆಂದು ತಿಳಿದಿತ್ತು. ದೊಡ್ಡ ಭಾಗದಲ್ಲಿ ಒಂದೆಂದರೆ ಇನ್ನೂರೈವತ್ತಾರು; ಹನ್ನೆರಡು ಹಾಗೆ ಉಬ್ಬಿತ್ತು. ಸೊನ್ನೆಯನ್ನು ಮಾತ್ರ ಯಾವ ಕಡೆಯಿಂದ ಓದಿದರೂ ಸೊನ್ನೆಯೇ.

"ಅಂದ್ರ ನಿನ್ನ ಮರಾಠಿ ಸಾಲಿ ಕತಿನ ಆತಲ್ಲೊ," ಎಂದ ಕಾಕಾ. "ಗುರುಗೋಳು ಇಪ್ಪತ್ತೈದಕ್ಕ ಪಂಚವೀಸ ಅಂದ್ರ, ಐದು ಮೊದಲ ಕೇಳತಂತ ಐವತ್ತೆರಡು ಬರದು ಬಡಿಸಿಕೊಂಡ ಬರತಿದ್ದಿ. ಇಷ್ಟ ಓದಿದ್ರೂ ಆ ಚಾಳಿ ಹೋಗಿಲ್ಲ ನೋಡು."

ಡ್ರೈವರಿನಲ್ಲಿ ಎರಡೇ ಸಾಲು ತಿದ್ದಿದೆ. ಕಾಕಾ ಮರಿ ಕೊಡಲೊಲ್ಲ. "ಮೊದಲ ನೀ ಏರಿ ನಿಂದ್ರು," ಎಂದ. ನಿಂತೆ. ಅರವತ್ತೆಂಟು ಕಿಲೋ ತೋರಿಸಿತು.

"ಡಿಗ್ರಿ ಸೇರಿ ಏನ?"

"ಇಲ್ರಿ ಕಾಕಾ," ಎಂದೆ. "ಅದನ್ನ ಈಗ ಇಳಿಸಿಟ್ಟ ಏರೀನಿ."

ಆಮೇಲೆ ಮರಿಯನ್ನು ಕೊಟ್ಟ.